ಕಂಬಸಾಲಿನ ನೆಂಟರು

ಮೂತ್ರಪಿಂಡ ಸೋತವರಿಗೆ ಡಾಕ್ಟರು ಹೇಳುವ ಪಥ್ಯದಲ್ಲಿ ಒಂದು ಮಾತು ಮನೆಯವರಿಗೆ ಬೇಗ ಅರಗುವುದಿಲ್ಲ: ಎಳನೀರು ಕೊಡಬೇಡಿ. ಉಪ್ಪಿನಕಾಯಿ, ಹಪ್ಪಳ ಬಿಡಿ ಎಂದರೆ ಒಪ್ಪಿಕೊಳ್ಳುತ್ತೇವೆ. ಜ್ವರದಿಂದ ಎದ್ದವರಿಗೆ, ಬಿಸಿಲಿಗೆ ಬಳಲಿದವರಿಗೆ ನಾವೇ ಹುಡುಕಿ ತಂದು ಕುಡಿಸುವ ಎಳನೀರು ಏನು ತಪ್ಪು ಮಾಡಿತು? ಉತ್ತರ ಪ್ರೌಢಶಾಲೆಯ ವಿಜ್ಞಾನದಲ್ಲೇ ಇದೆ. ಆದರೆ ಅರ್ಧ ದೇಹದ ಪಾಠದಲ್ಲಿದೆ, ಇನ್ನರ್ಧ ಆವರ್ತ ಕೋಷ್ಟಕದ ಪಾಠದಲ್ಲಿದೆ. ಪರೀಕ್ಷೆಗೆ ಓದುವಾಗ ಮಕ್ಕಳು ಒಂದನ್ನು ಮುಚ್ಚಿಟ್ಟೇ ಇನ್ನೊಂದನ್ನು ತೆರೆಯುತ್ತಾರೆ. ಲ್ಯಾಬಿನ ಗೋಡೆಯಲ್ಲಿ ಎರಡು ಪಟಗಳೂ ಅಕ್ಕಪಕ್ಕ ತೂಗುತ್ತಿದ್ದರೂ ಒಂದರ ಮೂಲಕ ಇನ್ನೊಂದನ್ನು ನೋಡುವ ರೂಢಿ ನಮ್ಮಲ್ಲಿಲ್ಲ. ಹಾಗೆ ನೋಡಿದರೆ ಎರಡೂ ಪಾಠ ಮರೆಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಕೋಷ್ಟಕದಲ್ಲಿ ಈಗ 118 ಧಾತುಗಳಿವೆ. 7 ಅಡ್ಡಸಾಲು, ಅವು ಆವರ್ತಗಳು. 18 ಕಂಬಸಾಲು, ಅವು ಗುಂಪುಗಳು. ಬಾಯಿಪಾಠ ಮಾಡುವವರು ಅಡ್ಡಡ್ಡ ಓದುತ್ತಾರೆ: ಹೈಡ್ರೋಜನ್, ಹೀಲಿಯಂ, ಲೀಥಿಯಂ, ಬೆರಿಲಿಯಂ. ಕೋಷ್ಟಕದ ಜೀವ ಇರುವುದು ಮೇಲಿನಿಂದ ಕೆಳಕ್ಕೆ ಓದುವುದರಲ್ಲಿ. ಒಂದು ಕಂಬಸಾಲಿನವೆಲ್ಲ ಬಹುಮಟ್ಟಿಗೆ ಒಂದೇ ಮನೆತನದವು. ಹೊರಕವಚದಲ್ಲಿ ಅಷ್ಟೇ ಎಲೆಕ್ಟ್ರಾನ್, ಹಾಗಾಗಿ ಹತ್ತಿರದ ಸ್ವಭಾವ. 1869ರಲ್ಲಿ, ಎಲೆಕ್ಟ್ರಾನ್ ಎಂಬುದೊಂದಿದೆ ಎಂದೇ ಯಾರಿಗೂ ತಿಳಿಯದ ಕಾಲದಲ್ಲಿ, ರಷ್ಯಾದ ಮೆಂಡಲೀವ್ ಆಗ ಗೊತ್ತಿದ್ದ 63 ಧಾತುಗಳನ್ನು ಜೋಡಿಸಿದರು. ಈ ನೆಂಟಸ್ತಿಕೆಯನ್ನು ಅವರು ಎಷ್ಟು ನಂಬಿದ್ದರೆಂದರೆ, ಹೊಂದುವ ಧಾತು ಸಿಗದ ಕಡೆ ಮನೆ ಖಾಲಿ ಬಿಟ್ಟರು. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ಸಂಸ್ಕೃತದ ‘ಏಕ’ ಸೇರಿಸಿ ಏಕ-ಅಲ್ಯೂಮಿನಿಯಂ ಎಂದು ಹೆಸರಿಟ್ಟರು. 1875ರಲ್ಲಿ ಗ್ಯಾಲಿಯಂ ಸಿಕ್ಕಿತು, ಮನೆ ತುಂಬಿತು.

ಈಗ ಎಳನೀರಿಗೆ ಬರೋಣ. ಅಡುಗೆ ಉಪ್ಪಿನಲ್ಲಿರುವುದು ಸೋಡಿಯಂ. ಎಳನೀರಿನಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ. ಮೊದಲನೇ ಗುಂಪಿನಲ್ಲಿ ಇವೆರಡೂ ಮೇಲುಮನೆ, ಕೆಳಮನೆ. ಎರಡಕ್ಕೂ ಹೊರಗೆ ಒಂದೇ ಎಲೆಕ್ಟ್ರಾನ್. ಅದನ್ನು ಬಿಟ್ಟುಕೊಟ್ಟು ಎರಡೂ ಒಂದು ಧನಾವೇಶದ ಅಯಾನುಗಳಾಗುತ್ತವೆ. ರಸಾಯನಶಾಸ್ತ್ರದ ಕಣ್ಣಿಗೆ ಅವಳಿಗಳಂತಿರುವ ಇವನ್ನು ನಮ್ಮ ಜೀವಕೋಶ ಮಾತ್ರ ಬೇರೆ ಬೇರೆಯಾಗಿ ಗುರುತಿಸುತ್ತದೆ. ಪೊಟ್ಯಾಸಿಯಂ ಒಳಗಿರಬೇಕು, ಸೋಡಿಯಂ ಹೊರಗಿರಬೇಕು. ಕೋಶದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚು. ಈ ಅಂತರ ತಾನಾಗಿ ನಿಲ್ಲುವುದಿಲ್ಲ. ಕೋಶದ ಪೊರೆಯಲ್ಲಿ ಕೂತ ಪುಟ್ಟ ಪಂಪುಗಳು ಹಗಲಿರುಳು 3 ಸೋಡಿಯಂ ಹೊರಗೆ ನೂಕಿ 2 ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತಲೇ ಇರಬೇಕು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರದಲ್ಲಿ ಇದನ್ನು ಕಂಡು 1957ರಲ್ಲಿ ಪ್ರಕಟಿಸಿದರು; 40 ವರ್ಷದ ನಂತರ ನೊಬೆಲ್ ಬಂತು. ಬಿಸಿ ತವಾ ಮುಟ್ಟಿದ ಬೆರಳನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಆ ಸುದ್ದಿ ನರದಲ್ಲಿ ಓಡುವುದೇ ಹೀಗೆ: ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ.

ನನ್ನನ್ನು ಬಹಳ ದಿನ ಕಾಡಿದ್ದು ಆ ಪೊಟ್ಯಾಸಿಯಂ ಬಾಗಿಲು. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ದೊಡ್ಡದು ತೂರುವ ಕಿಂಡಿಯಲ್ಲಿ ಚಿಕ್ಕದೇಕೆ ತೂರದು? ಜರಡಿ ಹಿಡಿದವರಿಗೆ ಇದು ತಲೆಕೆಳಗಾದ ಲೆಕ್ಕ. 1998ರಲ್ಲಿ ಅಮೆರಿಕದ ರಾಡೆರಿಕ್ ಮೆಕಿನಾನ್ ಆ ಬಾಗಿಲಿನ ರಚನೆಯನ್ನೇ ಎಕ್ಸ್-ಕಿರಣಗಳಿಂದ ಬಿಡಿಸಿ ತೋರಿಸಿದರು. ನೀರಿನಲ್ಲಿರುವ ಅಯಾನು ಬರಿಮೈಯಲ್ಲಿರುವುದಿಲ್ಲ, ನೀರಿನ ಅಣುಗಳನ್ನು ಹೊದ್ದುಕೊಂಡಿರುತ್ತದೆ. ಕಿಂಡಿಯೊಳಗೆ ಹೋಗಲು ಆ ಹೊದಿಕೆ ಕಳಚಬೇಕು. ಕಿಂಡಿಯ ಗೋಡೆಯಲ್ಲಿ ಆಕ್ಸಿಜನ್ ಪರಮಾಣುಗಳು ಸಾಲಾಗಿ ನಿಂತಿವೆ, ಪೊಟ್ಯಾಸಿಯಂನ ಅಳತೆಗೆ ಸರಿಯಾಗಿ. ಅದು ನೀರನ್ನು ಬಿಟ್ಟ ಕ್ಷಣವೇ ಈ ಆಕ್ಸಿಜನ್‌ಗಳು ನೀರಿನ ಜಾಗದಲ್ಲಿ ನಿಂತು ಹಿಡಿದುಕೊಳ್ಳುತ್ತವೆ. ಚಿಕ್ಕ ಸೋಡಿಯಂಗೆ ಅವು ಎಟುಕುವುದಿಲ್ಲ. ಹೊದಿಕೆ ಬಿಟ್ಟರೆ ನಷ್ಟ, ಬಿಡದಿದ್ದರೆ ಕಿಂಡಿ ಸಾಲದು. ಆದ್ದರಿಂದ ಅದು ಹೊರಗೇ ಉಳಿಯುತ್ತದೆ. ಒಂದೇ ಮನೆತನದ ಇಬ್ಬರನ್ನು ಮೈಯಳತೆಯಿಂದ ಗುರುತಿಸುವ ದರ್ಜಿ ಕುಳಿತಿದ್ದಾನೆ ಅಲ್ಲಿ.

ರಕ್ತದಲ್ಲಿ ಪೊಟ್ಯಾಸಿಯಂ ಸ್ವಲ್ಪವೇ ಇರಬೇಕು. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಅದು ಸೋತಾಗ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತದೆ, ಒಳಹೊರಗಿನ ಅಂತರ ಕುಗ್ಗುತ್ತದೆ, ಹೃದಯದ ಲಯ ತಪ್ಪುತ್ತದೆ, ನಿಲ್ಲಲೂಬಹುದು. ಗಟ್ಟಿಮುಟ್ಟಾದವರಿಗೆ ಅಮೃತವಾದ ಎಳನೀರು ಆ ರೋಗಿಗೆ ಅಪಾಯವಾಗುವುದು ಹೀಗೆ. ವಿಸರ್ಜನಾಂಗ, ನರ, ಹೃದಯ ಎಂದು ಮೂರು ಪಾಠ ಮಾಡಿದ್ದನ್ನು ಒಂದೇ ಧಾತು ಹೊಲಿದುಬಿಡುತ್ತದೆ.

ಪಕ್ಕದ ಎರಡನೇ ಗುಂಪಿನಲ್ಲಿ ಕ್ಯಾಲ್ಸಿಯಂ ಇದೆ. ದೊಡ್ಡವರ ಮೈಯಲ್ಲಿ ಸುಮಾರು 1 ಕಿಲೋ; ಅದರಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿ. ರಾಗಿ ಮುದ್ದೆ ಉಣ್ಣುವವರು ಇದನ್ನು ಧಾರಾಳವಾಗಿ ಪಡೆಯುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಉಳಿದ 1 ಪಾಲಿನ ಕೆಲಸ ಏನೆಂದು ತಿಳಿದದ್ದು ಒಂದು ಆಕಸ್ಮಿಕದಿಂದ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟಿದ್ದರು. ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ದ್ರಾವಣ ಮಾಡಿದಾಗ ಮಾತ್ರ ಹೃದಯ ಸೋತು ನಿಂತಿತು. ಮೊದಲಿನ ದ್ರಾವಣಕ್ಕೆ ಬಳಸಿದ್ದು ನಲ್ಲಿ ನೀರು. ಅದರಲ್ಲಿ ಕ್ಯಾಲ್ಸಿಯಂ ಇತ್ತು. 1883ರಲ್ಲಿ ಇದನ್ನು ಅವರೇ ಬಿಚ್ಚಿ ಬರೆದರು. ಹೃದಯದ ಸ್ನಾಯು ಕುಗ್ಗಲು ಕ್ಯಾಲ್ಸಿಯಂ ಬೇಕೇ ಬೇಕು. ರಕ್ತದಲ್ಲಿ ಅದು ಇಳಿದರೆ ದೇಹ ಮೂಳೆಯಿಂದ ಕಡ ತರುತ್ತದೆ.

ಕ್ಯಾಲ್ಸಿಯಂನ ಕೆಳಮನೆ ಸ್ಟ್ರಾನ್ಷಿಯಂ. ಪೊಟ್ಯಾಸಿಯಂ ಬಾಗಿಲಲ್ಲಿ ಅಷ್ಟು ಜಾಣವಾದ ದೇಹ ಇಲ್ಲಿ ಮೋಸಹೋಗುತ್ತದೆ. 1950ರ ದಶಕದಲ್ಲಿ ಬಯಲಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಚಿಮ್ಮಿದ ವಿಕಿರಣಶೀಲ ಸ್ಟ್ರಾನ್ಷಿಯಂ-90 ಹುಲ್ಲಿಗೆ ಬಿತ್ತು, ಹಸುವಿನ ಹಾಲಿಗೆ ಬಂತು, ಹಾಲು ಕುಡಿದ ಮಕ್ಕಳ ಮೂಳೆಯಲ್ಲಿ ಕ್ಯಾಲ್ಸಿಯಂನ ಜಾಗದಲ್ಲಿ ಕೂತಿತು. ಅದರ ಅರ್ಧಾಯುಷ್ಯ ಸುಮಾರು 29 ವರ್ಷ. ನಮ್ಮಲ್ಲಿ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತಾರಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1958ರಿಂದ ತಾಯಂದಿರು ಅವನ್ನು ವಿಜ್ಞಾನಿಗಳಿಗೆ ಕಳಿಸಿದರು. ಸುಮಾರು 3 ಲಕ್ಷ ಹಲ್ಲುಗಳು ಸೇರಿದವು. ನಂತರದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಏರುತ್ತಲೇ ಹೋಗಿತ್ತು. ವಾತಾವರಣದಲ್ಲಿ ಅಣುಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ 1963ರಲ್ಲಿ ಸಹಿ ಬೀಳುವ ಮೊದಲು ಈ ಹಲ್ಲುಗಳ ಸುದ್ದಿ ಜನರ ಮನಸ್ಸನ್ನು ಕಲಕಿತ್ತು.

ಕಬ್ಬಿಣದ ಕತೆ ಎಲ್ಲರಿಗೂ ಗೊತ್ತು. ಮೈಯಲ್ಲಿ ಇರುವುದೇ 3-4 ಗ್ರಾಂ, ಹೆಚ್ಚಿನದು ಹಿಮೋಗ್ಲೋಬಿನ್‌ನಲ್ಲಿ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ ಎಂಬುದಷ್ಟನ್ನು ನೆನಪಿಸಿ ಮುಂದೆ ಹೋಗುತ್ತೇನೆ.

ಹದಿನೇಳನೇ ಗುಂಪಿನ ಮೂವರು ದೇಹದಲ್ಲಿ ಮೂರು ದಾರಿ ಹಿಡಿದವರು. ಕ್ಲೋರಿನ್ ಜಠರದ ಆಮ್ಲದಲ್ಲಿದೆ. ಅಯೋಡಿನ್ ಇಲ್ಲದೆ ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನ್ ಮಾಡಲಾರದು. ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಅಷ್ಟೂ ಸಿಗದೆ ಹಿಮಾಲಯದ ತಪ್ಪಲಿನ ಜನರ ಕತ್ತು ಗಳಗಂಡದಿಂದ ಊದಿಕೊಳ್ಳುತ್ತಿತ್ತು. 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ಡಾ ಕಣಿವೆಯಲ್ಲಿ ಪ್ರಯೋಗ ಆರಂಭಿಸಿ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಅದು ಇಳಿಯುವುದನ್ನು ತೋರಿಸಿಕೊಟ್ಟರು.

ಇನ್ನು ಫ್ಲೋರಿನ್. ಪಾವಗಡ, ಬಾಗೇಪಲ್ಲಿ ಕಡೆಯ ಆಳದ ಬೋರ್‌ವೆಲ್ಲುಗಳಲ್ಲಿ ಬಂಡೆಯಿಂದ ಕರಗಿದ ಫ್ಲೋರೈಡ್ ನೀರಿನೊಂದಿಗೆ ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಇಲ್ಲಿ ಅದು ಜಾಗ ಕಸಿಯುವುದು ತನ್ನ ಕಂಬಸಾಲಿನ ನೆಂಟರದ್ದಲ್ಲ. ಮೂಳೆ, ಹಲ್ಲಿನ ಖನಿಜದಲ್ಲಿರುವ ಹೈಡ್ರಾಕ್ಸಿಲ್ ಎಂಬ ಜೋಡಿಯದ್ದು. ಆವೇಶ ಒಂದೇ, ಗಾತ್ರ ಹತ್ತಿರ ಹತ್ತಿರ, ಅಷ್ಟು ಸಾಕು. ವರ್ಷಗಟ್ಟಲೆ ಕುಡಿದವರ ಬೆನ್ನು ಬಾಗುತ್ತದೆ, ಕೀಲು ಬಿಗಿಯುತ್ತದೆ. ಹಲ್ಲಿನ ಕಲೆ ಮಾತ್ರ ದೊಡ್ಡವರಾದ ಮೇಲೆ ಬರುವುದಿಲ್ಲ. ಎನಾಮೆಲ್ ವಸಡಿನೊಳಗೆ ಕಟ್ಟಿಕೊಳ್ಳುತ್ತಿರುವ ಎಳೆ ವಯಸ್ಸಿನಲ್ಲೇ ಬರೆಯಲ್ಪಡುತ್ತದೆ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದ ಮೇಲೂ, ಒಬ್ಬರು ನಕ್ಕಾಗ ಕಾಣುವ ಆ ಕಂದು ಗೆರೆಗಳಲ್ಲಿ ಬಾಲ್ಯದಲ್ಲಿ ಕುಡಿದ ಊರ ನೀರು ಹಾಗೇ ಉಳಿದಿರುತ್ತದೆ.