ಸರ್ಪಸುತ್ತು: ಮೊದಲ ಮೂರು ದಿನ ಕಳೆದುಕೊಳ್ಳಬೇಡಿ

ಮರಾಠಿಯವರು ‘ನಾಗೀಣ’ ಎನ್ನುವುದು, ತಮಿಳರು ‘ಅಕ್ಕಿ’ ಎನ್ನುವುದು (ನಮ್ಮ ಗೋದಾಮಿನ ಅಕ್ಕಿಗೂ ಇದಕ್ಕೂ ಸಂಬಂಧವಿಲ್ಲ), ಉತ್ತರದ ಕಡೆ ಕೆಲವರು ‘ಜನೇವು’ ಎನ್ನುವುದು, ಎಲ್ಲವೂ ನಮ್ಮ ಊರಿನ ಸರ್ಪಸುತ್ತೇ. ವೈದ್ಯರು ಇದನ್ನು ಹರ್ಪಿಸ್ ಝೋಸ್ಟರ್ ಅಥವಾ ಶಿಂಗಲ್ಸ್ ಎನ್ನುತ್ತಾರೆ. ಐವತ್ತು ದಾಟಿದವರಲ್ಲಿ ಇದು ಹೆಚ್ಚು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ನಮ್ಮ ಸದಸ್ಯರಲ್ಲಿ ಈ ಎರಡೂ ಗುಂಪಿಗೆ ಸೇರಿದವರು ಎಷ್ಟು ಮಂದಿ ಎಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಸರ್ಪಸುತ್ತು ಕಂಡ ಕೂಡಲೆ ನಮ್ಮಲ್ಲಿ ನಡೆಯುವ ಕ್ರಮವೊಂದಿದೆ. ಗಲ್ಲಾದಲ್ಲಿ ಕುಳಿತ ಧಣಿಗೇ ಆಗಲಿ, ಒಳಗೆ ಕಾವಲಿಯ ಮುಂದೆ ನಿಂತ ಭಟ್ಟರಿಗೇ ಆಗಲಿ, ಮೊದಲು ಊರಿಗೆ ಫೋನು ಹೋಗುತ್ತದೆ. ಮಂತ್ರಿಸಿ ಕೆಮ್ಮಣ್ಣು ಹಚ್ಚುವವರು ಊರಲ್ಲಿದ್ದಾರೆ, ಬೇಗ ಬಂದುಬಿಡಿ ಎಂದು ಅಲ್ಲಿಂದ ಉತ್ತರ ಬರುತ್ತದೆ. ರೈಲಿನ ಟಿಕೇಟು ಸಿಗಲು ಒಂದು ದಿನ, ಪ್ರಯಾಣಕ್ಕೆ ಒಂದು ರಾತ್ರಿ, ಮಂತ್ರಿಸುವವರು ‘ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬನ್ನಿ’ ಎಂದರೆ ಮತ್ತೊಂದು ದಿನ. ಹೀಗೆ ಮೂರು ದಿನ ಕಳೆದುಹೋಗುತ್ತದೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಈ ರೋಗಕ್ಕೆ ಅತ್ಯಂತ ಬೆಲೆಬಾಳುವ ದಿನಗಳೆಂದರೆ ಅದೇ ಮೂರು ದಿನಗಳು. ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳ ಒಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಅದರ ಪ್ರಯೋಜನ ಹೆಚ್ಚು.

ಇದು ಬರುವುದು ಎಲ್ಲಿಂದ?

ಹೊರಗಿನಿಂದಲ್ಲ, ನಮ್ಮ ಮೈಯೊಳಗಿನಿಂದಲೇ. ಚಿಕ್ಕಂದಿನಲ್ಲಿ ನಮಗೆ ಬಂದುಹೋದ ‘ಅಮ್ಮ’, ಅಂದರೆ ಸೀತಾಳೆ ಸಿಡುಬು ಅಥವಾ ಚಿಕನ್‌ಪಾಕ್ಸ್, ಪೂರ್ತಿಯಾಗಿ ಹೋಗಿರುವುದಿಲ್ಲ. ಅದರ ವೈರಸ್ ಬೆನ್ನುಹುರಿಯ ಪಕ್ಕದಲ್ಲಿರುವ ನರಗಳ ಗಂಟುಗಳಲ್ಲಿ ಅಡಗಿ ಹತ್ತಾರು ವರ್ಷ ಮಲಗಿರುತ್ತದೆ. ವಯಸ್ಸಾಗಿಯೋ ಬೇರೆ ಕಾಯಿಲೆಯಿಂದಲೋ ಮೈಯ ರೋಗನಿರೋಧಕ ಶಕ್ತಿ ಕುಂದಿದಾಗ ಅದು ಎಚ್ಚೆತ್ತು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಇಂಗ್ಲೆಂಡಿನ ಸಿರೆನ್‌ಸೆಸ್ಟರ್ ಎಂಬ ಪಟ್ಟಣದಲ್ಲಿ ಸಾಮಾನ್ಯ ವೈದ್ಯರಾಗಿದ್ದ ಎಡ್ಗರ್ ಹೋಪ್-ಸಿಂಪ್ಸನ್ ಎಂಬವರು ತಮ್ಮ ದವಾಖಾನೆಗೆ ಬಂದ ರೋಗಿಗಳ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟು, 1965ರಲ್ಲಿ ಈ ವಿಚಾರವನ್ನು ಮಂಡಿಸಿದರು. ದೊಡ್ಡ ಪ್ರಯೋಗಾಲಯವಿಲ್ಲದ ಊರ ಡಾಕ್ಟರೊಬ್ಬರ ಆ ಊಹೆ ಸರಿಯೆಂದು ಆಮೇಲೆ ಸಿದ್ಧವಾಯಿತು.

ನರಗಳು ಬೆನ್ನಿನಿಂದ ಎದೆ ಹೊಟ್ಟೆಗಳ ಕಡೆಗೆ ಪಟ್ಟಿಯಂತೆ ಸುತ್ತಿ ಬರುವುದರಿಂದ ಗುಳ್ಳೆಗಳ ಸಾಲೂ ಹಾವಿನಂತೆ ಸುತ್ತಿ ಕಾಣುತ್ತದೆ. ತಲೆ ಬಾಲ ಕೂಡಿದರೆ ಆಸಾಮಿ ಉಳಿಯುವುದಿಲ್ಲ ಎಂಬ ಭಯ ನಮ್ಮವರಲ್ಲಿ ಇಂದಿಗೂ ಇದೆ. ನಿಜಸಂಗತಿಯೇನೆಂದರೆ ಎಡಬದಿಯ ನರ ಎಡಬದಿಗಷ್ಟೇ, ಬಲಬದಿಯದು ಬಲಬದಿಗಷ್ಟೇ. ಆದ್ದರಿಂದ ಗುಳ್ಳೆಗಳು ಸಾಧಾರಣವಾಗಿ ಮೈಯ ನಡುಗೆರೆ ದಾಟುವುದಿಲ್ಲ, ಸುತ್ತು ಪೂರ್ತಿಯಾಗುವುದೂ ಇಲ್ಲ. ಒಂದು ವೇಳೆ ಎರಡೂ ಬದಿಗೆ, ಮೈತುಂಬ ಹರಡಿದರೆ ಅದು ರೋಗನಿರೋಧಕ ಶಕ್ತಿ ತೀರಾ ಕುಸಿದ ಸೂಚನೆ. ಆಗ ಆಸ್ಪತ್ರೆಗೇ ಹೋಗಬೇಕು.

ಮಂತ್ರಿಸಿದ್ದರಿಂದ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಏನೂ ಮಾಡದಿದ್ದರೂ ಗುಳ್ಳೆಗಳು ಏಳರಿಂದ ಹತ್ತು ದಿನಗಳಲ್ಲಿ ಒಣಗಿ ಹಕ್ಕಳೆಗಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಚರ್ಮ ಮಾಯುತ್ತದೆ. ಹೆಸರು ಮಾತ್ರ ಆ ನಡುವೆ ಯಾರು ಏನು ಮಾಡಿದರೋ ಅವರಿಗೆ. ನಾಗನಿಗೆ ತಂಬಿಲ, ಆಶ್ಲೇಷಾ ಬಲಿ ಎಂದು ಹರಕೆ ಹೊತ್ತವರನ್ನು ನಾವು ಬೇಡವೆನ್ನುವುದಿಲ್ಲ. ಅದನ್ನು ಗುಣವಾದ ಮೇಲೆ ಊರಿಗೆ ಹೋಗಿ ನಿಧಾನವಾಗಿ, ಶ್ರದ್ಧೆಯಿಂದ ಮಾಡಬಹುದು. ಮಾತ್ರೆಗೆ ಮಾತ್ರ ಆ ಅನುಕೂಲವಿಲ್ಲ.

ಗುರುತು ಹಿಡಿಯುವುದು

ಮೊದಲು ಬರುವುದು ನೋವು, ಗುಳ್ಳೆಯಲ್ಲ. ಮೈಯ ಒಂದೇ ಬದಿಯಲ್ಲಿ ಉರಿ, ಚುಚ್ಚಿದಂತೆ, ಕರೆಂಟು ಹೊಡೆದಂತೆ. ಒಂದರಿಂದ ಐದು ದಿನ ಇಷ್ಟೇ ಇರಬಹುದು. ಅಕ್ಕಿ ಮೂಟೆ ಎತ್ತಿ ಬೆನ್ನು ಹಿಡಿದಿರಬೇಕು, ಗ್ಯಾಸ್ ಆಗಿರಬೇಕು ಎಂದು ಹೋಟೆಲಿನವರು ಸುಮ್ಮನಾಗುವುದು ಈ ಹಂತದಲ್ಲೇ. ನೋವು ಎದೆಯ ಎಡಬದಿಗಿದ್ದರೆ ಸರ್ಪಸುತ್ತಿರಬಹುದೆಂದು ನೀವೇ ತೀರ್ಮಾನಿಸಬೇಡಿ. ಅದು ಹೃದಯದ ನೋವಲ್ಲವೆಂದು ಮೊದಲು ಖಚಿತವಾಗಲಿ. ಆಮೇಲೆ ಕೆಂಪು ಕಲೆ, ಅದರ ಮೇಲೆ ಗೊಂಚಲು ಗೊಂಚಲಾಗಿ ನೀರುಗುಳ್ಳೆ ಎದ್ದರೆ ಸಂಶಯವಿಲ್ಲ. ಅದೇ ದಿನ ಡಾಕ್ಟರನ್ನು ಕಾಣಬೇಕು.

ಅವರು ಕೊಡುವುದು ಅಸೈಕ್ಲೊವಿರ್, ವ್ಯಾಲಸೈಕ್ಲೊವಿರ್ ಅಥವಾ ಫ್ಯಾಮ್‌ಸೈಕ್ಲೊವಿರ್ ಮಾತ್ರೆ, ಸಾಮಾನ್ಯವಾಗಿ ಏಳು ದಿನ. ಇವುಗಳಲ್ಲಿ ಮೊದಲನೆಯದನ್ನು ಗರ್ಟ್ರೂಡ್ ಎಲಿಯನ್ ಅವರ ತಂಡ ರೂಪಿಸಿತು. ಎಲಿಯನ್ ಅವರಿಗೆ 1988ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅಸೈಕ್ಲೊವಿರ್ ಆದರೆ ದಿನಕ್ಕೆ ಐದು ಸಲ ನುಂಗಬೇಕು. ಗಿರಾಕಿಗಳ ಗಡಿಬಿಡಿಯಲ್ಲಿ ಐದು ಸಲ ನೆನಪಿಡಲಾಗದವರು ಮೊದಲೇ ಹೇಳಿದರೆ ದಿನಕ್ಕೆ ಮೂರು ಸಲದ್ದನ್ನು ಬರೆದುಕೊಡುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಬದಲಾಗುವುದರಿಂದ ಅದನ್ನು ಮುಚ್ಚಿಡಬಾರದು. ನೀರು ಚೆನ್ನಾಗಿ ಕುಡಿಯಬೇಕು. ಸಮಯಕ್ಕೆ ಶುರುಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ಆರಂಭದ ನೋವು ತಗ್ಗುತ್ತದೆ. ಮೂರು ದಿನ ದಾಟಿದವರೂ ಹೋಗಬೇಕು. ಹೊಸ ಗುಳ್ಳೆ ಏಳುತ್ತಿದ್ದರೆ ಆಗಲೂ ಕೊಡುವುದುಂಟು.

ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಅದೇ ಅಸೈಕ್ಲೊವಿರ್‌ನ ಮುಲಾಮು ಕೊಟ್ಟು ಕಳಿಸುತ್ತಾರೆ. ಅದು ಸಾಲದು. ವೈರಸ್ ಇರುವುದು ನರದಲ್ಲಿ, ಚರ್ಮದ ಮೇಲಿನ ಮುಲಾಮು ಅಲ್ಲಿಗೆ ತಲಪುವುದಿಲ್ಲ. ತುರಿಕೆಗೆಂದು ಕೊಡುವ ಸ್ಟೀರಾಯ್ಡ್ ಮುಲಾಮು ಇನ್ನೂ ಕೆಟ್ಟದ್ದು.

ಮನೆಯಲ್ಲಿ ಮಾಡಬಹುದಾದ್ದು

ಮಾತ್ರೆ ಅದರ ಕೆಲಸ ಮಾಡುವಾಗ ನೋವು ಉರಿಗಳನ್ನು ತಣಿಸುವ ಕೆಲಸ ಮನೆಯದು. ಎಲ್ಲಕ್ಕಿಂತ ಸುಲಭವಾದದ್ದು, ಹಿತವಾದದ್ದು ತಣ್ಣೀರ ಬಟ್ಟೆ. ಶುದ್ಧವಾದ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಗುಳ್ಳೆಗಳ ಮೇಲೆ ಹದಿನೈದು ಇಪ್ಪತ್ತು ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಪ್ರತಿ ಸಲ ಬೇರೆ ಬಟ್ಟೆ ಇರಲಿ, ಬಳಸಿದ್ದನ್ನು ಪ್ರತ್ಯೇಕವಾಗಿ ತೊಳೆಯಿರಿ. ಫ್ರಿಜ್ಜಿನ ಐಸನ್ನು ನೇರವಾಗಿ ಒತ್ತಬಾರದು. ಮೊದಲೇ ನೊಂದ ಚರ್ಮಕ್ಕೆ ಅದರಿಂದ ಮತ್ತಷ್ಟು ಪೆಟ್ಟು.

ಸ್ನಾನ ಮಾಡಬಾರದೆಂಬುದು ತಪ್ಪು ತಿಳಿವಳಿಕೆ. ಉಗುರು ಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು, ಉಜ್ಜದೆ ಒತ್ತಿ ಒರೆಸುವುದು, ಇಷ್ಟಿದ್ದರೆ ಸಾಕು. ಟವೆಲು ಬೇರೆಯವರು ಬಳಸಬಾರದು. ಗುಳ್ಳೆ ಒಡೆಯುವ ಮೊದಲು ತುರಿಕೆಗೆ ಕ್ಯಾಲಮೈನ್ ಲೋಶನ್ ಹಚ್ಚಬಹುದು. ಒಡೆದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ, ಅಂಟದಂಥ ಡ್ರೆಸ್ಸಿಂಗ್ ಹಾಕಿ. ಅಂಟುವ ಪ್ಲಾಸ್ಟರ್ ಬೇಡ, ಕೀಳುವಾಗ ಚರ್ಮವೂ ಕಿತ್ತು ಬರುತ್ತದೆ. ಸಡಿಲವಾದ ಹಳೆಯ ಹತ್ತಿ ಅಂಗಿಯೇ ಮೇಲು. ಸೊಂಟದ ಮೇಲೆ ಗುಳ್ಳೆ ಎದ್ದವರಿಗೆ ಪ್ಯಾಂಟಿನ ಬೆಲ್ಟು, ಏಪ್ರನ್ನಿನ ದಾರ ಎರಡೂ ಶತ್ರುಗಳು. ಒಲೆಯ ಸೆಕೆ, ಬೆವರು ಉರಿಯನ್ನು ಹೆಚ್ಚಿಸುತ್ತವೆ.

ನೋವಿಗೆ ಮೊದಲು ಪ್ಯಾರಸಿಟಮಾಲ್. ಪ್ರಮಾಣವನ್ನು ಡಾಕ್ಟರಿಂದಲೇ ಕೇಳಿಕೊಳ್ಳಿ. ಸಕ್ಕರೆ, ಬಿ.ಪಿ., ಹೊಟ್ಟೆಹುಣ್ಣು ಇದ್ದವರು ಬೇರೆ ನೋವಿನ ಮಾತ್ರೆಗಳನ್ನು ತಾವಾಗಿ ನುಂಗಬಾರದು. ಅದರಿಂದಲೂ ತಡೆಯಲಾಗದೆ ರಾತ್ರಿ ನಿದ್ದೆ ಹೋಗದಿದ್ದರೆ ಸಹಿಸಿಕೊಂಡು ಮಲಗಬೇಡಿ. ನರದ ನೋವಿಗೆಂದೇ ಇರುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮುಂತಾದವನ್ನು ಡಾಕ್ಟರು ಕೊಡುತ್ತಾರೆ. ಇವುಗಳಿಂದ ಮಂಪರು ಬರುವುದರಿಂದ ಕೊಯ್ಯುವ, ಕರಿಯುವ, ಗಾಡಿ ಓಡಿಸುವ ಕೆಲಸದಲ್ಲಿ ಎಚ್ಚರವಿರಲಿ.

ಇನ್ನು ಲೇಪಗಳ ಮಾತು. ಕೆಮ್ಮಣ್ಣು, ರಕ್ತಚಂದನ, ಗರಿಕೆ ಅರಸಿನ, ಬೇವಿನ ಸೊಪ್ಪು, ಒಂದೊಂದು ಮನೆಯದು ಒಂದೊಂದು. ಒಣ ಚರ್ಮದ ಮೇಲೆ ತಂಪೆನಿಸಬಹುದು. ಒಡೆದ ಗುಳ್ಳೆಯ ಮೇಲೆ ಮಣ್ಣು, ಅರೆದ ಸೊಪ್ಪು ಮೆತ್ತಿದರೆ ಕೀವಾಗುವ ಅಪಾಯವಿದೆ, ಕಲೆಯೂ ಉಳಿಯುತ್ತದೆ. ಅದೂ ಅಲ್ಲದೆ ಕೆಂಪು ಬಳಿದುಕೊಂಡು ಬಂದವರ ಚರ್ಮದಲ್ಲಿ ಡಾಕ್ಟರಿಗೆ ಏನು ಕಂಡೀತು? ನಿಂಬೆರಸ, ಸುಣ್ಣ, ಟೂತ್‌ಪೇಸ್ಟ್ ಇವುಗಳ ಹತ್ತಿರವೂ ಹೋಗಬೇಡಿ. ಬರಿಯ ಗಂಜಿಯ ಪಥ್ಯವೂ ಬೇಕಿಲ್ಲ. ಮೈಗೆ ಶಕ್ತಿ ಬೇಕಾದ ಸಮಯವಿದು, ಬೇಳೆ ಸಾರು, ಮೊಸರು, ಹಣ್ಣು, ತರಕಾರಿ ಧಾರಾಳವಾಗಿ ತಿನ್ನಿ. ಸಕ್ಕರೆ ಹತೋಟಿಯಲ್ಲಿರಲಿ.

ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಮನೆಯ ಆರೈಕೆಯ ಪ್ರಶ್ನೆಯೇ ಇಲ್ಲ. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು. ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣದಿದ್ದರೆ ದೃಷ್ಟಿ ಹೋಗಬಹುದು. ಕಿವಿಯ ಸುತ್ತ ಎದ್ದು ಬಾಯಿ ಸೊಟ್ಟಗಾದರೂ, ಕುತ್ತಿಗೆ ಬಿಗಿದು ಜ್ವರ, ತಲೆನೋವು, ಗೊಂದಲದ ಮಾತು ಬಂದರೂ ಹಾಗೆಯೇ, ತಡ ಮಾಡದೆ ಆಸ್ಪತ್ರೆ.

ಗುಳ್ಳೆ ಹೋದರೂ ಹೋಗದ ನೋವು

ಕೆಲವರಿಗೆ ಚರ್ಮ ಮಾಸಿದ ಮೇಲೂ ಉರಿ ಉಳಿಯುತ್ತದೆ. ಮೂರು ತಿಂಗಳು ದಾಟಿದರೂ ಬಿಡದಿದ್ದರೆ ಅದನ್ನು ಸರ್ಪಸುತ್ತಿನ ಬಳಿಕದ ನರನೋವು ಎನ್ನುತ್ತಾರೆ. ನೂರರಲ್ಲಿ ಹತ್ತರಿಂದ ಹದಿನೆಂಟು ಮಂದಿಗೆ ಇದು ಬರುತ್ತದೆಂಬುದು ಅಮೆರಿಕದ ಲೆಕ್ಕ, ವಯಸ್ಸಾದಷ್ಟೂ ಹೆಚ್ಚು. ಮಾತ್ರೆ ಸಮಯಕ್ಕೆ ನುಂಗಿದವರಿಗೂ ಬರಬಹುದು. ಅಂಗಿ ತಾಗಿದರೂ, ಫ್ಯಾನಿನ ಗಾಳಿ ಬಡಿದರೂ ಜೀವ ಹೋದಂತಾಗುತ್ತದೆ. ನೋಡುವವರಿಗೆ ಏನೂ ಕಾಣದ್ದರಿಂದ ‘ಇವರದ್ದು ಸ್ವಲ್ಪ ಜಾಸ್ತಿಯಾಯಿತು’ ಎಂದು ಮನೆಯವರಿಗೂ ಅನಿಸುವುದುಂಟು. ಅದು ನಿಜವಾದ ನೋವು. ನರಕ್ಕೇ ಪೆಟ್ಟಾಗಿರುತ್ತದೆ.

ಇದಕ್ಕೆ ಮೇಲೆ ಹೇಳಿದ ನರದ ಮಾತ್ರೆಗಳು, ಲಿಡೊಕೇನ್ ಪಟ್ಟಿಗಳು ಇವೆ. ಬಟ್ಟೆ ತಾಗಿ ನೋಯುವವರು, ಗಾಯ ಪೂರ್ತಿ ಮಾಯ್ದ ಚರ್ಮದ ಮೇಲೆ ನಮ್ಮ ಅಡುಗೆಮನೆಯ ಕ್ಲಿಂಗ್ ಫಿಲ್ಮನ್ನೇ ಸಡಿಲವಾಗಿ ಸುತ್ತಿ ಮೇಲೆ ಅಂಗಿ ತೊಡಬಹುದು. ಕ್ಯಾಪ್ಸೈಸಿನ್ ಎಂಬ ಮುಲಾಮೂ ಇದೆ. ಬ್ಯಾಡಗಿಯಲ್ಲಿ ಕಡಿಮೆ, ಗುಂಟೂರಿನಲ್ಲಿ ಹೆಚ್ಚು ಎಂದು ನಾವು ನೋಡಿ ಕೊಳ್ಳುವ ಮೆಣಸಿನ ಖಾರವೇ ಅದು. ಮತ್ತೆ ಮತ್ತೆ ಹಚ್ಚಿದಾಗ ನೋವಿನ ನರತುದಿಗಳು ಮಂಕಾಗುತ್ತವೆ. ಡಾಕ್ಟರು ಹೇಳಿದರಷ್ಟೇ, ಮಾಯ್ದ ಚರ್ಮಕ್ಕಷ್ಟೇ ಹಚ್ಚಬೇಕು. ಹಾಗೆಂದು ಮೆಣಸು ಅರೆದು ಹಚ್ಚುವ ಸಾಹಸ ಯಾರೂ ಮಾಡದಿರಲಿ.

ಕೆಲಸಗಾರರಿಗೆ ಬಂದರೆ

ಸರ್ಪಸುತ್ತು ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದವರು ಮೊದಲು ಅಮ್ಮ ಬಾರದವರಾಗಿದ್ದರೆ, ಲಸಿಕೆಯನ್ನೂ ಹಾಕಿಸಿಕೊಂಡಿರದಿದ್ದರೆ, ಅವರಿಗೆ ಸೀತಾಳೆ ಸಿಡುಬು ಬರಬಹುದು. ನಮ್ಮಂಥ ಸೆಕೆಯ ನಾಡುಗಳಲ್ಲಿ ಅಮ್ಮ ಬಾರದೆ ದೊಡ್ಡವರಾದವರು ಬಹಳ ಮಂದಿ. ದೊಡ್ಡವರಿಗೆ ಬಂದರೆ ಮಕ್ಕಳಿಗಿಂತ ಜೋರಾಗಿರುತ್ತದೆ, ನ್ಯುಮೋನಿಯಾಕ್ಕೆ ತಿರುಗುವುದೂ ಉಂಟು. ಹತ್ತು ಮಂದಿ ಹುಡುಗರು ಒಂದೇ ಮಾಳಿಗೆಯಲ್ಲಿ ಸಾಲಾಗಿ ಮಲಗುವ ಕಡೆ ಇದನ್ನು ನೆನಪಿಡಬೇಕು. ಗುಳ್ಳೆಗಳನ್ನು ಮುಚ್ಚಿರಲಿ, ಹಾಸಿಗೆ ಟವೆಲು ಬೇರೆಯಿರಲಿ. ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವ ತನಕ ಗರ್ಭಿಣಿಯರು, ಎಳೆ ಮಕ್ಕಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹತ್ತಿರ ಸುಳಿಯಬಾರದು. ತಾಗಿದೆಯೆಂಬ ಸಂಶಯವಿದ್ದರೆ ಅವರು ಕೂಡಲೆ ಡಾಕ್ಟರಿಗೆ ತಿಳಿಸಬೇಕು.

ಅಡುಗೆ ಮಾಡುವವರನ್ನು, ಬಡಿಸುವವರನ್ನು ಅಷ್ಟು ದಿನ ಕೆಲಸಕ್ಕೆ ಹಚ್ಚಬೇಡಿ. ಸೋಂಕು, ತೆರೆದ ಹುಣ್ಣು ಇರುವವರು ಆಹಾರ ಮುಟ್ಟಬಾರದೆಂದು ಎಫ್.ಎಸ್.ಎಸ್.ಎ.ಐ. ನಿಯಮಗಳಲ್ಲೂ ಇದೆ. ಸಂಬಳ ಹಿಡಿಯುತ್ತಾರೆಂಬ ಭಯವಿದ್ದರೆ ಹುಡುಗರು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ದುಡಿಯುತ್ತಾರೆ, ಅದು ನಷ್ಟದ ವ್ಯಾಪಾರ. ಇ.ಎಸ್.ಐ. ಇದ್ದವರಿಗೆ ಔಷಧವೂ ಅನಾರೋಗ್ಯದ ರಜೆಯ ಭತ್ಯೆಯೂ ಅಲ್ಲಿಂದ ಸಿಗುತ್ತದೆ.

ಇಪ್ಪತ್ತು ಮೂವತ್ತರ ಪ್ರಾಯದವರಿಗೆ ಸರ್ಪಸುತ್ತು ಬಂದಾಗ ಡಾಕ್ಟರು ಸಕ್ಕರೆ, ಎಚ್.ಐ.ವಿ. ಪರೀಕ್ಷೆಗೆ ಸಲಹೆ ಮಾಡುವುದುಂಟು. ಪ್ರಾಯದವರಿಗೆ ಬಂದರೆ ಎಚ್.ಐ.ವಿ.ಯೇ ಎಂದು ಅರ್ಥವಲ್ಲ. ಏನೂ ಇಲ್ಲದೆಯೂ ಬರುತ್ತದೆ. ಪರೀಕ್ಷೆ ಆತನ ಒಪ್ಪಿಗೆಯ ಮೇಲೆ, ಫಲಿತಾಂಶ ಆತನಿಗೆ ಸೇರಿದ್ದು. ಅದನ್ನು ಕೆದಕುವುದು, ಅದರ ಮೇಲೆ ಕೆಲಸದಿಂದ ತೆಗೆಯುವುದು 2017ರ ಎಚ್.ಐ.ವಿ. ಕಾಯಿದೆಗೆ ವಿರುದ್ಧ.

ಲಸಿಕೆ

ಐವತ್ತು ದಾಟಿದವರಿಗಾಗಿ ಸರ್ಪಸುತ್ತು ಬಾರದಂತೆ ತಡೆಯುವ ಶಿಂಗ್ರಿಕ್ಸ್ ಎಂಬ ಲಸಿಕೆ 2023ರಲ್ಲಿ ನಮ್ಮ ದೇಶಕ್ಕೂ ಬಂತು. ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ಅದರ ಪರೀಕ್ಷೆಗಳಲ್ಲಿ ಐವತ್ತು ದಾಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ರಕ್ಷಣೆ ಕಂಡುಬಂದಿದೆ. ತೋಳುನೋವು, ಒಂದೆರಡು ದಿನದ ಜ್ವರ, ಸುಸ್ತು ಸಾಮಾನ್ಯ. ಬಂದಿರುವ ಸರ್ಪಸುತ್ತಿಗೆ ಇದು ಔಷಧವಲ್ಲ. ಒಮ್ಮೆ ಬಂದವರಿಗೆ ಮತ್ತೊಮ್ಮೆ ಬರಬಾರದೆಂದು ಏನೂ ಇಲ್ಲವಾದ್ದರಿಂದ ಗುಣವಾದ ಮೇಲೆ ಅವರೂ ಹಾಕಿಸಿಕೊಳ್ಳಬಹುದು. ಯಾವಾಗ ಎಂಬುದನ್ನು ಡಾಕ್ಟರಲ್ಲಿ ಕೇಳಿ. ಬೆಲೆ ಸಾವಿರಗಳಲ್ಲಿದೆ, ಎಲ್ಲರಿಗೂ ಹಗುರವಲ್ಲ. ಸಕ್ಕರೆ ಕಾಯಿಲೆಯೊಂದಿಗೆ ಅರುವತ್ತರಲ್ಲೂ ದಿನಕ್ಕೆ ಹನ್ನೆರಡು ತಾಸು ಗಲ್ಲಾದಲ್ಲಿ ಕೂರುವ ಸದಸ್ಯರು ಮುಂದಿನ ಸಲ ಶುಗರ್ ತಪಾಸಣೆಗೆ ಹೋದಾಗ ಈ ವಿಚಾರವನ್ನೂ ಎತ್ತಿ ಕೇಳಲಿ.