ತಲೆಯೊಳಗಿನ ನೀರಿನ ಚೀಲ

ಭಾರತೀನಗರದ ಕಡೆಯ ಕಬ್ಬಿನ ಬೆಳೆಗಾರರೊಬ್ಬರು ಬೈಕಿನಿಂದ ಬಿದ್ದರೆಂದು ಭಾವಿಸೋಣ. ಮಂಡ್ಯದಲ್ಲಿ ತಲೆಯ ಸ್ಕ್ಯಾನ್ ಆಗುತ್ತದೆ. ಪೆಟ್ಟಿನಿಂದ ಅಪಾಯವಾಗಿಲ್ಲ, ಆದರೆ ವರದಿಯ ಕೊನೆಯಲ್ಲಿ ‘ಅರಾಕ್ನಾಯ್ಡ್ ಸಿಸ್ಟ್’ ಎಂದು ಬರೆದಿದೆ. ಊರು ಮುಟ್ಟುವಷ್ಟರಲ್ಲಿ ಅದು ‘ಮೆದುಳಿನ ಗಡ್ಡೆ’ಯಾಗಿರುತ್ತದೆ, ಸಂಜೆಯೊಳಗೆ ಗದ್ದೆ ಮಾರುವ ಮಾತೂ ಎದ್ದಿರುತ್ತದೆ. ಅನುವಾದದ ಒಂದು ತಪ್ಪು ಮನೆಯೊಂದನ್ನು ಹೀಗೆ ಅಲುಗಿಸಬಲ್ಲದು.

ಗಡ್ಡೆಯೆಂದರೆ ಜೀವಕೋಶಗಳು ಅಂಕೆ ಮೀರಿ ಬೆಳೆದುದು. ಸಿಸ್ಟ್ ಎಂಬುದು ಬರಿಯ ಚೀಲ. ನಮ್ಮ ಮೆದುಳು ಮೂರು ಪೊರೆಗಳನ್ನು ಹೊದ್ದಿದೆ. ನಡುವಣದು ಜೇಡನ ಬಲೆಯಂತೆ ನವಿರಾದುದು. ಗ್ರೀಕರು ಜೇಡನಿಗೆ ಇಟ್ಟ ಹೆಸರೇ ಅದಕ್ಕೂ ಬಂದಿದೆ. ಅದರ ಕೆಳಗೆ ತಿಳಿನೀರಿನಂಥ ದ್ರವ ಹರಿದಾಡುತ್ತದೆ. ವಯಸ್ಕರಲ್ಲಿ ಅದು ಸುಮಾರು 150 ಮಿಲಿಲೀಟರ್. ದಿನವೊಂದಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಊರಿ, ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. ಗರ್ಭದಲ್ಲಿ ಶಿಶು ರೂಪುಗೊಳ್ಳುವಾಗ ಆ ಪೊರೆ ಎಲ್ಲಿಯೋ ಎರಡು ಪದರವಾದರೆ ನಡುವೆ ಈ ದ್ರವ ನಿಲ್ಲುತ್ತದೆ. ಅದೇ ಈ ಚೀಲ. ಅದನ್ನು ಹೊತ್ತೇ ಬಾಳಿ, ಅದರ ಸುಳಿವಿಲ್ಲದೆ ತೀರಿಕೊಂಡವರು ಎಷ್ಟೋ ಮಂದಿ. 1971ರಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ರೋಗಿಯೊಬ್ಬರ ತಲೆಯೊಳಗನ್ನು ಮೊದಲ ಬಾರಿಗೆ ತೋರಿಸಿದ ಮೇಲೆ, ಬೇರೇನನ್ನೋ ಹುಡುಕುವಾಗ ಇವು ಕಣ್ಣಿಗೆ ಬೀಳುವುದು ಹೆಚ್ಚಾಯಿತು.

ಹೆಚ್ಚಿನವರಿಗೆ ಮದ್ದೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ. ವೈದ್ಯರು ಹೇಳಿದ ಅವಧಿಗೆ ಇನ್ನೊಂದು ಚಿತ್ರ ತೆಗೆಸಿ ಹಳೆಯದರೊಡನೆ ಹೋಲಿಸಬೇಕು. ಆದ್ದರಿಂದ ಹಳೆಯ ಚಿತ್ರವನ್ನು ಜೋಪಾನವಾಗಿಡಬೇಕು. ಸುಮ್ಮನಿರಿ ಎನ್ನುವ ವೈದ್ಯರನ್ನು ನಂಬುವುದು ನಮಗೆ ಕಷ್ಟ. ಸೂಜಿ ಚುಚ್ಚಿದರೇ ಸಮಾಧಾನ!

ಆದರೆ ದಿನೇ ದಿನೇ ಹೆಚ್ಚುವ ತಲೆನೋವು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಮಂಜಾಗುವ ದೃಷ್ಟಿ, ಹಸುಗೂಸಿನ ತಲೆ ಬೇಗ ಬೇಗ ದೊಡ್ಡದಾಗುವುದು—ಇವು ಕಂಡರೆ ತಡಮಾಡಬಾರದು. ಚೀಲವಿದ್ದವರಿಗೆ ತಲೆಗೆ ಪೆಟ್ಟಾದರೆ ಅಪರೂಪಕ್ಕೆ ಅದರ ಸುತ್ತ ರಕ್ತ ಒಸರುವುದೂ ಉಂಟು. ವಾರಗಳ ಅನಂತರವೂ ನೋವು ತಲೆದೋರಬಹುದು. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಚಿಕಿತ್ಸೆಯಿದೆ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಚೀಲದ ಗೋಡೆಯನ್ನು ತೆರೆದು, ನಿಂತ ದ್ರವವನ್ನು ಸಹಜವಾದ ಹರಿವಿಗೆ ಕೂಡಿಸುತ್ತಾರೆ. ಕೆಲವೊಮ್ಮೆ ತೆಳು ಕೊಳವೆಯೊಂದನ್ನು ಚರ್ಮದಡಿಯಲ್ಲಿ ಹಾಯಿಸಿ ಹೊಟ್ಟೆಯೊಳಕ್ಕೆ ಇಳಿಬಿಡುತ್ತಾರೆ.

ಎಲ್ಲ ಚೀಲಗಳೂ ಇಷ್ಟು ಸಾಧುವಲ್ಲ. ಮೆದುಳಿನ ನಟ್ಟನಡುವೆ ಹುಟ್ಟುವ ‘ಕೊಲಾಯ್ಡ್ ಸಿಸ್ಟ್’ ಕ್ಯಾನ್ಸರಲ್ಲದಿದ್ದರೂ, ನಾಲೆಯ ತೂಬಿಗೆ ಬೆಣೆ ಬಡಿದಂತೆ ದ್ರವದ ದಾರಿಯನ್ನು ಮುಚ್ಚಿ, ಥಟ್ಟನೆ ಪ್ರಜ್ಞೆ ತಪ್ಪಿಸಬಲ್ಲದು. ಲಾಡಿಹುಳುವಿನ ಮರಿಗಳಿಂದಾಗುವ ಚೀಲ ಇನ್ನೊಂದು ಬಗೆ. ಅದರ ಮೊಟ್ಟೆ ತೊಳೆಯದ ಸೊಪ್ಪಿನಲ್ಲಿಯೂ ಇರಬಹುದಾದುದರಿಂದ ಸಸ್ಯಾಹಾರಿಗಳಿಗೂ ವಿನಾಯಿತಿಯಿಲ್ಲ. ಅದರ ಔಷಧವೇ ಬೇರೆ. ಆದ್ದರಿಂದ ವರದಿ ಕೈಗೆ ಬಂದೊಡನೆ ವೈದ್ಯರನ್ನು ಕೇಳಬೇಕಾದುದು ಇಷ್ಟು: ಇದು ಯಾವ ಬಗೆಯ ಚೀಲ, ಎಲ್ಲಿದೆ, ಏನನ್ನಾದರೂ ಒತ್ತುತ್ತಿದೆಯೆ?