ಮನಸ್ಸಿನ ಆತಂಕ, ಹೊಟ್ಟೆಯ ತಳಮಳ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ. ಬೆಳಿಗ್ಗೆ ಎರಡು ತುತ್ತು ಇಡ್ಲಿ ಬಾಯಿಗಿಡುವಷ್ಟರಲ್ಲಿ ಮಗ ಬಚ್ಚಲಿಗೆ ಓಡುತ್ತಾನೆ. 'ಓದದವರ ನಾಟಕ' ಎಂದು ಅಪ್ಪ ಗದರುತ್ತಾರೆ. 'ರಾತ್ರಿಯ ಊಟ ಅರಗಿಲ್ಲ' ಎನ್ನುತ್ತಾರೆ ಅಜ್ಜಿ. ಸಂದರ್ಶನಕ್ಕೆ ಹೊರಟ ಯುವಕನಿಗೆ, ಮನೆಯಲ್ಲಿ ದಿನವೂ ಜಗಳ ಕಾಣುವ ಗೃಹಿಣಿಗೆ ಕೂಡ ಇಂಥ ಓಕರಿಕೆ ಬರುವುದುಂಟು. ಇದು ನಾಟಕವಲ್ಲ, ಎಲ್ಲ ಸಲವೂ ಅಜೀರ್ಣವೂ ಅಲ್ಲ. ಮನಸ್ಸಿನ ಒತ್ತಡವೊಂದೇ ಸಾಕು, ಹೊಟ್ಟೆ ತೊಳಸಲು.

ಅಪ್ಪಣೆ ಮಿದುಳಿನದು

ವಾಂತಿ ಹೊಟ್ಟೆಯಿಂದ ಬಂದರೂ ಅದಕ್ಕೆ ಅಪ್ಪಣೆ ಕೊಡುವುದು ಮಿದುಳು. ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗಕ್ಕೆ ಮುಖ್ಯವಾಗಿ ನಾಲ್ಕು ಕಡೆಗಳಿಂದ ಸೂಚನೆ ಬರುತ್ತದೆ. ಹಳಸಿದ ಆಹಾರದಿಂದ ಜಠರ, ಕರುಳು ಕೆರಳಿದರೆ ವೇಗಸ್ ನರ ಸುದ್ದಿ ಮುಟ್ಟಿಸುತ್ತದೆ. ರಕ್ತದಲ್ಲಿ ಬೆರೆತ ವಿಷವಸ್ತು ಅಥವಾ ಔಷಧಿಯನ್ನು ಮಿದುಳಿನ ಒಂದು ಪುಟ್ಟ ಭಾಗ ಗುರುತಿಸುತ್ತದೆ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸು ಓಲಾಡಿದಾಗ ಒಳಕಿವಿ ದೂರು ಹೇಳುತ್ತದೆ. ನಾಲ್ಕನೆಯದು ಭಯ, ದುಃಖ, ಅಸಹ್ಯ ಮತ್ತು ನೆನಪುಗಳ ನೆಲೆಯಾದ ಮೇಲ್ಮಿದುಳು. ಸೂಚನೆ ಎಲ್ಲಿಂದ ಬಂದರೂ ಫಲ ಒಂದೇ. ಬಾಯಲ್ಲಿ ನೀರೂರಿ, ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ಬಿಗಿದು ಜಠರದಲ್ಲಿರುವುದನ್ನು ಹೊರದೂಡುತ್ತವೆ.

ಆತಂಕದ ಹೊತ್ತಿನಲ್ಲಿ ಅಡ್ರಿನಾಲಿನ್ ಮುಂತಾದ ಹಾರ್ಮೋನುಗಳು ಹೆಚ್ಚುತ್ತವೆ. ಜಠರ ಬರಿದಾಗುವುದು ನಿಧಾನವಾಗುತ್ತದೆ. ತಿಂದದ್ದು ಅಲ್ಲೇ ಉಳಿದು ಹೊಟ್ಟೆ ಭಾರವೆನಿಸುತ್ತದೆ. ಇದು ಹೊಸ ಮಾತಲ್ಲ. ಅಮೆರಿಕದ ವೈದ್ಯ ವಿಲಿಯಂ ಬ್ಯೂಮಾಂಟ್, ಗುಂಡೇಟಿನಿಂದ ಹೊಟ್ಟೆಯಲ್ಲಿ ರಂಧ್ರ ಉಳಿದಿದ್ದ ವ್ಯಕ್ತಿಯೊಬ್ಬನ ಜಠರವನ್ನು ಕಣ್ಣಾರೆ ನೋಡಿ 1833ರಲ್ಲಿ ಪುಸ್ತಕ ಬರೆದ. ಭಯ, ಸಿಟ್ಟುಗಳಿಂದ ಜಠರದ ಒಳಪದರವೇ ಬದಲಾಗುವುದನ್ನು ಅವನು ದಾಖಲಿಸಿದ್ದಾನೆ.

ಕೆಲವು ಮಕ್ಕಳಿಗೆ ಆಗಾಗ ಗಂಟೆಗಟ್ಟಲೆ ವಾಂತಿಯಾಗಿ, ನಡುವಿನ ದಿನಗಳಲ್ಲಿ ಏನೂ ಇರುವುದಿಲ್ಲ. ಇವರಿಗೆ ಆತಂಕ ಮಾತ್ರವಲ್ಲ, ಹಬ್ಬ ಅಥವಾ ಪ್ರವಾಸದ ಸಂಭ್ರಮವೂ ವಾಂತಿಗೆ ಕಾರಣವಾಗಬಲ್ಲದು. ಇಂಥವರ ಮನೆತನದಲ್ಲಿ ಮೈಗ್ರೇನ್ ತಲೆನೋವು ಇರುವುದು ಸಾಮಾನ್ಯ.

'ಟೆನ್ಷನ್' ಎಂದು ಸುಮ್ಮನಿರಬೇಡಿ

ಒತ್ತಡದಿಂದಲೇ ವಾಂತಿ ಎಂದು ತೀರ್ಮಾನಿಸುವ ಮುನ್ನ ಬೇರೆ ಕಾರಣಗಳಿಲ್ಲವೆಂದು ಖಚಿತವಾಗಬೇಕು. ನೋವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೆಲವರಿಗೆ ಓಕರಿಕೆ ತರುತ್ತವೆ. ಮುಟ್ಟು ನಿಂತಿದ್ದರೆ ಗರ್ಭಪರೀಕ್ಷೆ ಮಾಡಿಸಿ. ಊಟ ಕಂಡರೇ ಹೇಸಿಗೆಯಾಗಿ ಮೂತ್ರ ಹಳದಿಯಾಗಿದ್ದರೆ ಕಾಮಾಲೆ ಇರಬಹುದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಮೂತ್ರಪಿಂಡ ಸೋತಾಗ ಕೂಡ ವಾಂತಿಯಾಗುತ್ತದೆ. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಎದೆನೋವಿಲ್ಲದೆ, ಬೆವರು ಮತ್ತು ವಾಂತಿಯಾಗಿ ಕಾಣಿಸಿಕೊಳ್ಳಬಹುದು. ಅದನ್ನು 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿದು ಮಲಗಿದರೆ ಪ್ರಾಣಕ್ಕೇ ಅಪಾಯ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಇವು:

* ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂತಹ ಕಪ್ಪು ವಸ್ತು. ಹಸಿರು ಬಣ್ಣದ ವಾಂತಿ, ಅದರಲ್ಲೂ ಹಸುಗೂಸುಗಳಲ್ಲಿ.
* ತಲೆಗೆ ಪೆಟ್ಟು ಬಿದ್ದ ನಂತರದ ವಾಂತಿ. ತೀವ್ರ ತಲೆನೋವು, ಕತ್ತು ಬಿಗಿಯುವುದು, ಮಂಪರು.
* ಎದೆನೋವು, ಉಸಿರುಗಟ್ಟುವುದು, ತಣ್ಣನೆಯ ಬೆವರು.
* ತಡೆಯಲಾರದ ಹೊಟ್ಟೆನೋವು, ಹೊಟ್ಟೆಯುಬ್ಬರ.
* ಗುಟುಕು ನೀರೂ ನಿಲ್ಲದಿರುವುದು, ಏಳೆಂಟು ಗಂಟೆ ಮೂತ್ರವಾಗದಿರುವುದು.

ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೂ, ವಾಂತಿ ಪದೇ ಪದೇ ಮರುಕಳಿಸುತ್ತಿದ್ದರೂ ವೈದ್ಯರ ಸಲಹೆ ಬೇಕು.

ಮನೆಯಲ್ಲಿ ಮಾಡಬೇಕಾದದ್ದು

ವಾಂತಿಯಾದ ಕೂಡಲೇ ಲೋಟ ತುಂಬ ನೀರು ಕುಡಿಸಬೇಡಿ, ಅದೂ ಹೊರಬರುತ್ತದೆ. ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಉಪ್ಪು ಹೆಚ್ಚಾಗದಂತೆ ಎಚ್ಚರವಿರಲಿ. ವಾಂತಿ ನಿಂತ ಮೇಲೆ ಗಂಜಿ, ಮೆತ್ತಗಿನ ಅನ್ನ ಕೊಡಬಹುದು. ಅಂಗಡಿಯಿಂದ ವಾಂತಿ ಮಾತ್ರೆ ತಂದು ನುಂಗಿಸುವ ರೂಢಿ ಒಳ್ಳೆಯದಲ್ಲ. ಕೆಲವು ಮಾತ್ರೆಗಳಿಂದ ಮಕ್ಕಳ ಕತ್ತು, ಕಣ್ಣು ಸೆಟೆದುಕೊಳ್ಳುವುದುಂಟು. ಡಾಮ್‌ಪೆರಿಡೋನ್ ಕೆಲವರ ಹೃದಯಬಡಿತವನ್ನು ಏರುಪೇರು ಮಾಡಬಲ್ಲದು.

ಒತ್ತಡವೇ ಕಾರಣವೆಂದು ವೈದ್ಯರು ಹೇಳಿದರೆ, ಯಾವ ದಿನ, ಯಾವ ಹೊತ್ತಿನಲ್ಲಿ, ಏನು ನಡೆದಾಗ ವಾಂತಿಯಾಯಿತೆಂದು ಒಂದೆರಡು ವಾರ ಬರೆದಿಡಿ. ಮಗುವಿಗೆ ಸೋಮವಾರ ವಾಂತಿಯಾಗಿ ಭಾನುವಾರ ಆಗದಿದ್ದರೆ ಉತ್ತರ ಶಾಲೆಯಲ್ಲಿ ಇರಬಹುದು. ಪಾಠ ಕಷ್ಟವೇ, ಸಹಪಾಠಿಗಳ ಕಾಟವೇ, ಶಿಕ್ಷಕರ ಹೆದರಿಕೆಯೇ ಎಂದು ಮೆಲ್ಲಗೆ ಕೇಳಿ. ಪರೀಕ್ಷೆಯ ದಿನ ಒತ್ತಾಯದಿಂದ ಹೊಟ್ಟೆ ತುಂಬಿಸಬೇಡಿ, ಪೂರ್ತಿ ಬರಿಹೊಟ್ಟೆಯಲ್ಲೂ ಕಳಿಸಬೇಡಿ. ಒಂದು ಬಾಳೆಹಣ್ಣು ಸಾಕು. ಓಕರಿಕೆ ಶುರುವಾದಾಗ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡುವುದನ್ನು ಮೊದಲೇ ಅಭ್ಯಾಸ ಮಾಡಿಸಿ. ಆತಂಕ ದಿನನಿತ್ಯದ್ದಾಗಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ.

ನಾಟಕವೆಂದು ಗದರಿಸಿದರೆ ಹೆದರಿಕೆ ಇಮ್ಮಡಿಯಾಗುತ್ತದೆ, ಅದರ ಜೊತೆಗೆ ವಾಂತಿಯೂ. ಕಾರಣ ಮನಸ್ಸಿನಲ್ಲಿದ್ದರೂ ದೇಹಕ್ಕೆ ಆಗುವ ಸಂಕಟ ಸುಳ್ಳಲ್ಲ.